ನಿಮ್ಮ ಮನೆಯಲ್ಲಿ ದಿನಾ ಓಡಾಡುವ ಸಿನಿಮಾ ಡೈಲಾಗ್ ಯಾವುದು?

ಮಲ್ನಾಡ್ ಮಳೆ:
ಮುಂದಿನ ಭಾನುವಾರ ಶಿವಮೊಗ್ಗದ ನಮ್ಮ ಮನೆಯಲ್ಲಿ ಅಪ್ಪನ ಅರವತ್ತರ ಶಾಂತಿ. ಹೋಮ, ಊಟ ಎಲ್ಲ ಎರಡು ಗಂಟೆಗೆ ಮುಗಿಯುತ್ತದೆ. ಆಮೇಲೆ ಐವತ್ತು ಜನ ಎಲೆ ಅಡಿಕೆ ಹಾಕಿಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಾ ಕೂರುತ್ತಾರೆ. ಅದಕ್ಕೆ ಒಂದು ಆಟ ಇಡೋಣ ಅಂತ. ನಾನು ಡೈಲಾಗ್ ಹೇಳುತ್ತೇನೆ, ಅವರು ಸಿನಿಮಾ ಹೇಳಬೇಕು. ಎಂಟು ವರ್ಷದ ತಂಗಿ ಮಗಳಿಂದ ಎಂಬತ್ತೆರಡರ ಅಜ್ಜಿಯವರೆಗೆ ಎಲ್ಲರೂ ಆಡುವಂತಿರಬೇಕು.

ಒಂದೇ ಷರತ್ತು. ಸುಮ್ನೆ ಪಟ್ಟಿ ಹಾಕಬೇಡಿ. ನಿಮ್ಮ ಮನೆಯಲ್ಲಿ ನಿಜವಾಗಿ ಬಳಕೆಯಲ್ಲಿರುವ ಮಾತು ಹೇಳಿ. ಯಾವಾಗ, ಯಾರ ಮೇಲೆ ಬಿಡುತ್ತೀರಿ ಅಂತಲೂ ಬರೆಯಿರಿ.

ಮೊದಲು ನನ್ನದು. 'ನಾಗರಹಾವು', 'ಏ ಬುಲ್‌ಬುಲ್, ಮಾತಾಡಕಿಲ್ವಾ?' ಅಮ್ಮ ಮುನಿಸಿಕೊಂಡು ಮಾತು ಬಿಟ್ಟಾಗ ಅಪ್ಪ ಅಡುಗೆಮನೆ ಬಾಗಿಲಿಗೆ ಒರಗಿ ಇದನ್ನು ಹೇಳುತ್ತಾರೆ. ಮದುವೆಯಾದಾಗಿನಿಂದ ಹೇಳುತ್ತಿದ್ದಾರೆ. ಒಂದು ಸಲವೂ ಕೆಲಸ ಮಾಡಿಲ್ಲ.

ಒಗ್ಗರಣೆ:
ಅಯ್ಯೋ, ಇದು ನನ್ನ ಏರಿಯಾ. ನಮ್ಮ ಮನೆಯಲ್ಲಿ 'ಬಭ್ರುವಾಹನ' ವಾರಕ್ಕೆ ಎರಡು ಸಲ ಆಗುತ್ತದೆ. ನಮ್ಮ ಯಜಮಾನರು ದಿನಾ ಬೆಳಿಗ್ಗೆ ಜಿಮ್‌ಗೆ ಹೋಗುತ್ತಾರೆ. ತಿಂಗಳಿಗೆ ಇಷ್ಟು ಅಂತ ದುಡ್ಡು ಕಟ್ಟುತ್ತಾರೆ. ಆದರೆ ಮಾವಿನಕಾಯಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯುವುದಕ್ಕೆ ಆಗುವುದಿಲ್ಲ. ಟವೆಲ್ ಸುತ್ತುತ್ತಾರೆ, ಬಿಸಿ ನೀರು ಹಿಡಿಯುತ್ತಾರೆ, ಮುಖ ಕೆಂಪಗಾಗುತ್ತದೆ. ಅಷ್ಟರಲ್ಲಿ ಹಾಲ್‌ನಿಂದ ನಮ್ಮ ಅತ್ತೆ ಶುರು ಮಾಡುತ್ತಾರೆ. 'ಯಾರು ತಿಳಿಯರು ನಿನ್ನ ಭುಜಬಲದ ಪರಾಕ್ರಮ...'

ಸ್ವಂತ ಮಗನಿಗೇ!

ಕಪಾಲಿ ಬಾಲ್ಕನಿ:
ಒಗ್ಗರಣೆ ಮೇಡಂ, ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಆ ಹಾಡನ್ನು ಅವರು ಸರಿಯಾದ ಜಾಗಕ್ಕೇ ಹಾಕಿದ್ದಾರೆ. ಎಷ್ಟೋ ಜನ ಅದನ್ನು ಹೊಗಳಿಕೆ ಅಂದುಕೊಂಡು ಸನ್ಮಾನದ ವೇದಿಕೆಯಲ್ಲಿ ಹಾಡಿಸುತ್ತಾರೆ. ಅದು ಪೂರ್ತಿ ಹಂಗಿಸುವ ಹಾಡು. ಶಿಖಂಡಿಯನ್ನು ಮುಂದೆ ನಿಲ್ಲಿಸಿಕೊಂಡು ಭೀಷ್ಮರನ್ನು ಕೊಂದವನು ನೀನು ಅಂತ ಮಗ ಅಪ್ಪನಿಗೇ ಚುಚ್ಚುತ್ತಾನೆ. 1977ರ ಸಿನಿಮಾ, ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನ. ಅರ್ಜುನನೂ ರಾಜ್‌ಕುಮಾರ್, ಬಭ್ರುವಾಹನನೂ ರಾಜ್‌ಕುಮಾರ್. ಹಾಡಿದ್ದು ಮಾತ್ರ ಇಬ್ಬರು, ರಾಜ್‌ಕುಮಾರ್ ಮತ್ತು ಪಿ.ಬಿ. ಶ್ರೀನಿವಾಸ್. ಇಬ್ಬರ ಗಂಟಲು ಒಂದೇ ಮೈಯಿಂದ ಬಂದಂತೆ ಕೇಳುತ್ತದೆ. ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಈಗಲೂ ನನ್ನ ಕಣ್ಣು ಅಪ್ಪನ ಮೀಸೆಗೂ ಮಗನ ಹುಬ್ಬಿಗೂ ಓಡಾಡುತ್ತದೆ.

ಇನ್ನು ಬುಲ್‌ಬುಲ್ ವಿಷಯ. ಅಂಬರೀಶ್‌ಗೆ ಅದು ಮೊದಲ ಸಿನಿಮಾ. 1972. ಜಲೀಲನ ಪಾತ್ರ ಇಡೀ ಸಿನಿಮಾದಲ್ಲಿ ಎಷ್ಟು ಹೊತ್ತು ಇದೆ ಹೇಳಿ? ಸೈಕಲ್ ಹತ್ತಿ ಬರುತ್ತಾನೆ, ಅಲಮೇಲುವನ್ನು ರೇಗಿಸುತ್ತಾನೆ, ರಾಮಾಚಾರಿ ಕೈಯಲ್ಲಿ ಏಟು ತಿನ್ನುತ್ತಾನೆ. ಅಷ್ಟೇ. ಆ ಒಂದು ಮಾತಿನ ಬಲದಲ್ಲಿ ಜನ ಅವರನ್ನು ನೆನಪಿಟ್ಟುಕೊಂಡರು. ನಲವತ್ತೊಂದು ವರ್ಷ ಬಿಟ್ಟು, 2013ರಲ್ಲಿ 'ಬುಲ್‌ಬುಲ್' ಅಂತಲೇ ಒಂದು ಸಿನಿಮಾ ಬಂತು. ಅದರಲ್ಲಿ ಅವರೂ ಇದ್ದರು.

ಆದರೆ ಒಂದು ತಿದ್ದುಪಡಿ. ಅದು 'ಮಾತಾಡಕಿಲ್ವಾ' ಅಲ್ಲ, 'ಮಾತಾಡಕ್ಕಿಲ್ವಾ'. ಕ್ಕಿ ಒತ್ತಕ್ಷರ.

ಸಕ್ಕರೆ ನಾಡು:
ಸರ್, ನಾವು ಮಂಡ್ಯದವರು. ಅಂಬರೀಶಣ್ಣನ ವಿಷಯದಲ್ಲಿ ನಮಗೆ ಒತ್ತಕ್ಷರ ಹೇಳಿಕೊಡಬೇಡಿ. 'ಮಾತಾಡಾಕಿಲ್ವಾ', ದೀರ್ಘ.

ಒಗ್ಗರಣೆ:
ಶುರುವಾಯಿತು.

ಧಾರವಾಡ ಪೇಢಾ:
ನಮ್ಮದು ಡೈಲಾಗ್ ಅಲ್ಲ, ಪದ. ನಡೆಯುತ್ತದಾ ನೋಡಿ. ನಾವು ಅಪಾರ್ಟ್‌ಮೆಂಟಿಗೆ ಬಂದು ಮೂರು ವರ್ಷ. ಮೇಲಿನ ಮನೆಯ ಬಾತ್‌ರೂಮಿನಿಂದ ನಮ್ಮ ಛಾವಣಿಗೆ ನೀರು ಇಳಿಯುತ್ತದೆ. ಕೆಳಗೆ ಒಂದು ಬಕೆಟ್ ಖಾಯಂ ಇಟ್ಟಿದ್ದೇವೆ. ಕಟ್ಟಿದವನು ಪ್ರತಿ ಸಲ ಬಂದು, ತಲೆ ಎತ್ತಿ ನೋಡಿ, ಚಹಾ ಕುಡಿದು ಹೋಗುತ್ತಾನೆ. ಅವನು ಬಾಗಿಲಲ್ಲಿ ಕಂಡರೆ ಸಾಕು, ನಮ್ಮ ಅಜ್ಜಿ ಜಪಮಾಲೆ ಕೆಳಗಿಟ್ಟು ಹಾಡುತ್ತಾಳೆ. 'ಸೋರುತಿಹುದು ಮನಿಯ ಮಾಳಿಗಿ... ಅಜ್ಞಾನದಿಂದ.' ಕೊನೆಯ ಪದವನ್ನು ಅವನ ಮುಖ ನೋಡಿಕೊಂಡು ಎಳೆಯುತ್ತಾಳೆ.

ಕುಡ್ಲದ ಮೀನು:
ಅದು ಶರೀಫರ ತತ್ವಪದ ಅಲ್ವಾ? ಸಿನಿಮಾ ಲೆಕ್ಕಕ್ಕೆ ಹೇಗೆ ಬಂತು?

ಧಾರವಾಡ ಪೇಢಾ:
'ಸಂತ ಶಿಶುನಾಳ ಶರೀಫ', 1990. ನಾಗಾಭರಣ ನಿರ್ದೇಶನ, ಸಿ. ಅಶ್ವತ್ಥ್ ಸಂಗೀತ. ಪದ ಮೊದಲಿನಿಂದಲೂ ನಮ್ಮ ಊರುಗಳಲ್ಲಿ ಇತ್ತು, ಒಪ್ಪುತ್ತೇನೆ. ಆದರೆ ನಮ್ಮ ಅಜ್ಜಿಗೆ ಶರೀಫಜ್ಜ ಅಂದರೆ ಶ್ರೀಧರ್ ಮುಖ, ಗೋವಿಂದ ಭಟ್ಟರು ಅಂದರೆ ಗಿರೀಶ್ ಕಾರ್ನಾಡರ ಮುಖ. ದೇವರ ಕೋಣೆಯಲ್ಲಿ ಕ್ಯಾಲೆಂಡರ್ ಸಿಕ್ಕಿದ್ದರೆ ಅದನ್ನೇ ಹಾಕಿಬಿಡುತ್ತಿದ್ದಳು.

ಮಲ್ನಾಡ್ ಮಳೆ:
ನಡೆಯುತ್ತದೆ. ಅಜ್ಜಿಯಂದಿರಿಗೆ ರಿಯಾಯಿತಿ ಇದೆ.

ರೀಲು ಪೆಟ್ಟಿಗೆ:
ನಮ್ಮ ತಂದೆ ಟೆಂಟಿನಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದರು. ನನ್ನ ಬಾಲ್ಯ ಪೂರ್ತಿ ಆ ಕೋಣೆಯ ಕಿಂಡಿಯಲ್ಲೇ ಕಳೆಯಿತು. ಸಂಜೆ ಮೈಕಿನಲ್ಲಿ 'ನಮೋ ವೆಂಕಟೇಶ' ಹಾಕಿದರೆ ಟಿಕೆಟ್ ಶುರು ಅಂತ ಊರಿಗೆ ಗೊತ್ತು. ನೆಲ, ಬೆಂಚು, ಕುರ್ಚಿ ಅಂತ ಮೂರು ದರ್ಜೆ. ನಿಜವಾದ ಸಿನಿಮಾ ನೆಲದಲ್ಲಿತ್ತು. ಅಲ್ಲಿ ಕೂತವರು ವಾರದಲ್ಲಿ ನಾಲ್ಕು ಸಲ ಬಂದವರು. ತೆರೆಯ ಮೇಲೆ ಪಾತ್ರ ಬಾಯಿ ತೆಗೆಯುವುದಕ್ಕೆ ಮೊದಲೇ ಇವರು ಡೈಲಾಗ್ ಹೇಳಿ ಮುಗಿಸುತ್ತಿದ್ದರು. ಸೌಂಡ್ ಕೈಕೊಟ್ಟ ದಿನ ಯಾರೂ ಎದ್ದು ಹೋಗುತ್ತಿರಲಿಲ್ಲ. ನೆಲದವರೇ ಮಾತು ಕೊಟ್ಟು ನಡೆಸುತ್ತಿದ್ದರು.

ಇನ್ನೊಂದು ಹೇಳಲೇಬೇಕು. ಒಂದೇ ಪ್ರಿಂಟ್ ಎರಡು ಊರಿಗೆ. ಅಲ್ಲಿ ಒಂದು ರೀಲು ಮುಗಿದ ಕೂಡಲೇ ಸೈಕಲ್ ಮೇಲೆ ಇಲ್ಲಿಗೆ. ಒಂದು ಮಳೆಗಾಲದ ರಾತ್ರಿ ಸೈಕಲ್ ಹುಡುಗ ಪೆಟ್ಟಿಗೆ ಅದಲು ಬದಲು ಮಾಡಿದ. ಅಪ್ಪ ಪ್ರೊಜೆಕ್ಟರ್ ದೀಪದ ಕಾರ್ಬನ್ ಕಡ್ಡಿ ಸರಿಮಾಡುವ ಗಡಿಬಿಡಿಯಲ್ಲಿ ನೋಡದೆ ಏರಿಸಿಬಿಟ್ಟರು. ಹತ್ತು ನಿಮಿಷದ ಹಿಂದೆ ಚಿತೆಗೆ ಹೋಗಿದ್ದ ಅಪ್ಪ, ಎದ್ದು ಬಂದು ಮಗಳಿಗೆ ಗಂಡು ನೋಡುತ್ತಿದ್ದಾನೆ. ಯಾರೂ ಗಲಾಟೆ ಮಾಡಲಿಲ್ಲ. ನೆಲದಿಂದ ಒಬ್ಬ ಮಾತ್ರ ಕೂಗಿದ, 'ಗೌಡ್ರು ಬಂದ್ರು, ಎಲೆ ಹಾಕ್ರೋ!' ಆ ಮಾತು ನಮ್ಮ ಮನೆಯಲ್ಲಿ ಇವತ್ತಿಗೂ ಇದೆ. ಯಾರಾದರೂ ತಡವಾಗಿ ಊಟಕ್ಕೆ ಬಂದರೆ ಅದೇ. ಯಾವ ಸಿನಿಮಾದ್ದು ಅಂತ ನಿಮ್ಮ ಆಟದಲ್ಲಿ ಕೇಳಿದರೆ ಯಾರೂ ಹೇಳಲಾರರು.

ಕಪಾಲಿ ಬಾಲ್ಕನಿ:
ರೀಲು ಪೆಟ್ಟಿಗೆಯವರೇ, ನಿಮ್ಮ ತಂದೆಯ ಕಾಲದ ಒಬ್ಬ ನಟರನ್ನು ಇಲ್ಲಿ ನೆನೆಯಬೇಕು. ಬಾಲಕೃಷ್ಣ. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡೇ ತಮ್ಮ ಮಾತು ಎತ್ತಿಕೊಳ್ಳುತ್ತಿದ್ದರು. 'ಬಂಗಾರದ ಮನುಷ್ಯ'ದಲ್ಲಿ ರಾಚೂಟಪ್ಪನಾಗಿ ಅವರ ಟೈಮಿಂಗ್ ನೋಡಿ. ಎರಡು ಕಿವಿ ನೆಟ್ಟಗಿರುವವರಿಗೂ ಅದು ಬರುವುದಿಲ್ಲ. ಆ ಸಿನಿಮಾ ಕೆಂಪೇಗೌಡ ರಸ್ತೆಯ ಸ್ಟೇಟ್ಸ್‌ನಲ್ಲಿ ಎರಡು ವರ್ಷ ಓಡಿತು. ಜನ ರಾಜೀವಪ್ಪನನ್ನು ನೋಡಿ ಊರಿಗೆ ವಾಪಸ್ ಹೋಗಿ ಬೇಸಾಯ ಮಾಡಿದರು ಅನ್ನುತ್ತಾರೆ. ನಾನು ಮಾತ್ರ ರಾಚೂಟಪ್ಪನನ್ನು ನೋಡಲು ಹೋಗುತ್ತಿದ್ದೆ.

ಮನೆ ಬಳಕೆಯ ಮಾತು ಅಂದರೆ ನನ್ನದು ಸಣ್ಣದು. 'ಎಲಾ ಕುನ್ನಿ.' ವಜ್ರಮುನಿ. ಮೊಮ್ಮಗ ನನ್ನ ಕನ್ನಡಕ ಬಚ್ಚಿಟ್ಟಾಗ ಹೇಳುತ್ತೇನೆ. ಪ್ರಚಂಡ ರಾವಣ ನಾಟಕ ಆಡಿ ಬಂದ ಗಂಟಲು ಅವರದು. ಹೊಟ್ಟೆಯ ಅಡಿಯಿಂದ ಏಳಬೇಕು. ನನ್ನದು ಕೆಮ್ಮಿನಲ್ಲಿ ಮುಗಿಯುತ್ತದೆ.

ಕುಡ್ಲದ ಮೀನು:
ಎಲ್ಲರೂ ಐವತ್ತು ವರ್ಷದ ಹಿಂದೆಯೇ ಇದ್ದೀರಲ್ಲ? 2000ದ ಈಚೆಗೆ ಯಾರೂ ಸಿನಿಮಾ ನೋಡಿಲ್ವಾ?

ಸಕ್ಕರೆ ನಾಡು:
ನೋಡಿದ್ದೇವೆ. ಡೈಲಾಗ್ ಮನೆಗೆ ಬಂದಿಲ್ಲ. ಈಗಿನವರು ಶಿಳ್ಳೆಗೆ ಅಂತ ಬರೆಯುತ್ತಾರೆ. ಹೀರೋ ಸ್ಲೋಮೋಷನ್‌ನಲ್ಲಿ ನಡೆದು ಬಂದು ತನ್ನ ಬಗ್ಗೆ ತಾನೇ ನಾಲ್ಕು ಸಾಲು ಹೇಳುತ್ತಾನೆ. ಅದನ್ನು ನಾನು ಸೊಪ್ಪು ತರಲು ಹೋದಾಗ ಯಾರಿಗೆ ಹೇಳಲಿ?

ಕುಡ್ಲದ ಮೀನು:
ಸೊಪ್ಪಿನ ಪಾಯಿಂಟ್ ಒಪ್ಪಿದೆ. ಆದರೆ ಹಳೆಯ ಸಿನಿಮಾದಲ್ಲಿ ನಮ್ಮ ಕಡೆಯ ಕನ್ನಡ ಬಂದಿದ್ದು ಯಾವಾಗ ಅಂತ ನೆನಪಿಸಿಕೊಳ್ಳಿ. ಹೋಟೆಲ್ ಮಾಣಿ, ಇಲ್ಲಾ ಅಡುಗೆ ಭಟ್ಟ. 'ಎಂತ ಮಾರಾಯ' ಅಂದ ಕೂಡಲೇ ಜನ ನಗಬೇಕು, ಅಷ್ಟೇ. 2014ರಲ್ಲಿ 'ಉಳಿದವರು ಕಂಡಂತೆ' ಬಂತು. ಮಲ್ಪೆ ಬಂದರು, ಮೀನಿನ ಬೋಟು, ಅಷ್ಟಮಿ. ಅಲ್ಲಿ ನಮ್ಮ ಕನ್ನಡದಲ್ಲಿ ರೌಡಿ ಮಾತಾಡಿದ, ತಾಯಿ ಮಾತಾಡಿದಳು, ಪ್ರೀತಿ ಮಾಡುವವನು ಮಾತಾಡಿದ. ಮಂಗಳೂರಿನ ಥಿಯೇಟರಿನಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗ ಇಂಟರ್‌ವಲ್‌ನಲ್ಲಿ ಹೇಳಿದ, 'ಇವತ್ತು ಯಾರೂ ನಮ್ಮನ್ನು ನೋಡಿ ನಗಲಿಲ್ಲ ಅಲ್ವಾ'. ಆ ಸಿನಿಮಾ ಆಗ ಅಷ್ಟೇನೂ ಓಡಲಿಲ್ಲ. ಆಮೇಲೆ ಫೋನಿನಲ್ಲಿ ಓಡಿತು.

ಇನ್ನು ನಟನೆ ಅಂದರೆ 'ಗರುಡ ಗಮನ ವೃಷಭ ವಾಹನ'. ಕೊಲೆ ಮಾಡಿ ಬಂದ ಶಿವ ಮಳೆಯಲ್ಲಿ ಹುಲಿ ಕುಣಿತದ ಹೆಜ್ಜೆ ಹಾಕುತ್ತಾನಲ್ಲ, ಹಿಂದೆ 'ಸೋಜುಗಾದ ಸೂಜು ಮಲ್ಲಿಗೆ' ಕೇಳುತ್ತದೆ. ರಾಜ್ ಬಿ. ಶೆಟ್ಟಿ ಅಲ್ಲಿ ಒಂದು ಮಾತೂ ಆಡುವುದಿಲ್ಲ. ದಸರಾದಲ್ಲಿ ಹುಲಿವೇಷ ನೋಡಿ ಬೆಳೆದವರಿಗೆ ಆ ಹೆಜ್ಜೆ ಹೊಟ್ಟೆಗೆ ಬಡಿಯುತ್ತದೆ. ನಮಗೆ ಅದು ಹಬ್ಬದ ಹೆಜ್ಜೆ. ಅವನು ಅದನ್ನು ಎಲ್ಲಿಗೆ ತಂದು ಹಾಕಿದ ನೋಡಿ. ಇದನ್ನು ಆಟದಲ್ಲಿ ಹೇಗೆ ಕೇಳುತ್ತೀರಿ?

ಮಲ್ನಾಡ್ ಮಳೆ:
ಕುಣಿದು ತೋರಿಸಬೇಕು. ನನ್ನ ಸೊಂಟದಲ್ಲಿ ಸಾಧ್ಯವಿಲ್ಲ.

ಸಕ್ಕರೆ ನಾಡು:
ಸರಿ, ಮಾತಿಲ್ಲದ ನಟನೆ ಅಂದರೆ ನನ್ನದೂ ಒಂದು. 'ತಿಥಿ'. ನಮ್ಮ ಮಂಡ್ಯದ ನೊದೆಕೊಪ್ಪಲು. ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೋಲ್ಡನ್ ಲೆಪರ್ಡ್ ಪ್ರಶಸ್ತಿ ಬಂದ ಸಿನಿಮಾ, 2015ರಲ್ಲಿ. ಅದರಲ್ಲಿ ಯಾರೂ ನಟರಲ್ಲ, ಸುತ್ತಮುತ್ತಲ ಊರಿನವರೇ. ಸೆಂಚುರಿ ಗೌಡ ಸತ್ತಿದ್ದಾನೆ, ಮೊಮ್ಮಗ ಜಮೀನಿಗೆ ಒದ್ದಾಡುತ್ತಿದ್ದಾನೆ. ಮಗ ಗಡ್ಡಪ್ಪ ಬ್ರಾಂದಿ ಬಾಟಲಿ ಇಟ್ಟುಕೊಂಡು ಹೊಲದ ಬದಿಯಲ್ಲಿ ನಡೆಯುತ್ತಾ ಇರುತ್ತಾನೆ. ನಡೆಯುತ್ತಲೇ ಇರುತ್ತಾನೆ. ಆ ನಡಿಗೆ ನಮ್ಮ ದೊಡ್ಡಪ್ಪನದು. ಸಿನಿಮಾ ನೋಡಿ ಬಂದು ದೊಡ್ಡಮ್ಮ ಎರಡು ದಿನ ಅವರ ಜೊತೆ ಮಾತಾಡಲಿಲ್ಲ.

ಒಗ್ಗರಣೆ:
ಬುಲ್‌ಬುಲ್ ಅನ್ನಬೇಕಿತ್ತು.

ಸಿಡ್ನಿಯ ಸಾರು:
ನಾನು ತಡವಾಗಿ ಬಂದೆ. ನನ್ನದು ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ಮಗನಿಗೆ ಒಂಬತ್ತು ವರ್ಷ. ಹುಟ್ಟಿದ್ದು ಇಲ್ಲೇ. ಅವನಿಗೆ ಗೊತ್ತಿರುವ ಕನ್ನಡ ಹಾಡು ಒಂದೇ, 'ಬೊಂಬೆ ಹೇಳುತೈತೆ'. 2017ರ 'ರಾಜಕುಮಾರ'ದ್ದು, ಪುನೀತ್ ಅವರದು. ಇಲ್ಲಿ ಪ್ರತಿ ಕನ್ನಡ ರಾಜ್ಯೋತ್ಸವಕ್ಕೂ ಮಕ್ಕಳು ಕುಣಿಯುತ್ತಾರೆ. ಒಂದು ದಿನ ಕೇಳಿದ, 'ಅಮ್ಮಾ, ಬೊಂಬೆ ಮತ್ತೆ ಹೇಳುತೈತೆ ಅಂತ ಯಾಕೆ? ಮೊದಲು ಯಾವಾಗ ಹೇಳಿತ್ತು?'

ಒಳ್ಳೆಯ ಪ್ರಶ್ನೆ ಅಲ್ವಾ? ಮೊದಲು ಹೇಳಿದ್ದು 1971ರಲ್ಲಿ, ಅವನ ಹೀರೋನ ಅಪ್ಪನ ಸಿನಿಮಾದಲ್ಲಿ. 'ಆಡಿಸಿ ನೋಡು, ಬೀಳಿಸಿ ನೋಡು, ಉರುಳಿ ಹೋಗದು.' ಹಾಗಾಗಿ 'ಕಸ್ತೂರಿ ನಿವಾಸ' ಹಾಕಿದೆ. ಕಪ್ಪು ಬಿಳುಪು ನೋಡುವುದಿಲ್ಲ ಅಂದ. 2014ರಲ್ಲಿ ಬಣ್ಣ ಹಾಕಿ ಬಿಡುಗಡೆ ಮಾಡಿದ್ದರಲ್ಲ, ಅದನ್ನು ಹಾಕಿದೆ.

ಮೊದಲ ಅರ್ಧ ಸೋಫಾ ಮೇಲೆ ಉರುಳಾಡುತ್ತಾ ನೋಡಿದ. ಬೆಂಕಿಪೊಟ್ಟಣದ ಕಾರ್ಖಾನೆ, ಅದರ ಮೇಲೆ ಪಾರಿವಾಳದ ಗುರುತು, ಕೇಳಿದವರಿಗೆಲ್ಲ ಕೊಡುವ ರವಿವರ್ಮ. ಆ ಗುರುತನ್ನೂ ಕೊಟ್ಟುಬಿಟ್ಟಾಗ ಎದ್ದು ಕೂತ. ಕೊನೆಗೆ ಬಂತು ನೋಡಿ. ರವಿವರ್ಮನ ಹತ್ತಿರ ಈಗ ಏನೂ ಇಲ್ಲ. ಜಯಂತಿ ಮನೆಗೆ ಬರುತ್ತಾಳೆ. ಮಗುವಿಗೆ ಆ ಸಾಕಿದ ಪಾರಿವಾಳ ಬೇಕಂತೆ, ಕೇಳಿಕೊಂಡು ಹೋಗಲು ಬಂದಿದ್ದಾಳೆ. ಮೊದಲು ಊಟ, ಆಮೇಲೆ ಮಾತು ಅನ್ನುತ್ತಾನೆ ಇವನು. ಊಟ ಮುಗಿದ ಮೇಲೆ ಅವಳು ಕೇಳುತ್ತಾಳೆ. ಅವಳಿಗೆ ಆ ಊಟ ಹಾಕುವುದಕ್ಕೇ ಪಾರಿವಾಳ ಹೋಗಿದೆ. ಜೀವಮಾನದಲ್ಲಿ ಇಲ್ಲ ಅನ್ನದವನು ಈಗ ಇಲ್ಲ ಅನ್ನಬೇಕು. ರಾಜ್‌ಕುಮಾರ್ ಅಲ್ಲಿ ಏನು ಮಾಡುತ್ತಾರೆ ಅಂತ ಬರೆದು ಹೇಳಲು ನನಗೆ ಬರುವುದಿಲ್ಲ. ಕೈ ಮಾತ್ರ ನೋಡಿ. ಇಡೀ ಸಿನಿಮಾ ಕೊಟ್ಟ ಕೈ ಅದು.

ಮಗ ಟಿವಿ ಆರಿಸಿ, ತುಂಬಾ ಸಿಟ್ಟಿನಲ್ಲಿ ಕೇಳಿದ, 'ಅವಳು ಬಂದ ಕೂಡಲೇ ಕೇಳಬಹುದಿತ್ತಲ್ಲ? ಯಾಕೆ ಊಟ ಆಗುವವರೆಗೆ ಕಾದಳು?' ನಾನು ಎಷ್ಟೋ ಸಲ ಆ ಸಿನಿಮಾ ನೋಡಿ ಅತ್ತಿದ್ದೇನೆ. ಈ ಪ್ರಶ್ನೆ ಹೊಳೆದಿರಲಿಲ್ಲ. ಈಗ ನಮ್ಮ ಮನೆಯಲ್ಲಿ ಏನಾದರೂ ಕೇಳುವುದಿದ್ದರೆ ಅವನು ತಟ್ಟೆ ಮುಂದೆ ಕೂರುವ ಮೊದಲೇ ಕೇಳುತ್ತಾನೆ. 'ಅಮ್ಮಾ, ಪಾರಿವಾಳ' ಅಂತ ಶುರು ಮಾಡುತ್ತಾನೆ. ನಿನ್ನೆಯ ಪಾರಿವಾಳ, ಹೊಸ ಫುಟ್‌ಬಾಲ್ ಶೂ.

ರೀಲು ಪೆಟ್ಟಿಗೆ:
ಅಮ್ಮಾ, ಪಾರಿವಾಳ. ಇದನ್ನು ನಾನು ಇವತ್ತಿನಿಂದ ಕದ್ದುಕೊಂಡೆ.

ಕಪಾಲಿ ಬಾಲ್ಕನಿ:
ಸಿಡ್ನಿ ಮೇಡಂ, ಬಣ್ಣದ ಪ್ರಿಂಟ್ ಬಗ್ಗೆ ನನ್ನ ತಕರಾರು ಇತ್ತು. ಒಂಬತ್ತು ವರ್ಷದ ಹುಡುಗ ನೋಡಿದ ಅಂದ ಮೇಲೆ ತಕರಾರು ವಾಪಸ್.

ಧಾರವಾಡ ಪೇಢಾ:
ಹೆಣ್ಣುಮಕ್ಕಳ ನಟನೆ ಬಗ್ಗೆ ಯಾರೂ ಸೊಲ್ಲೆತ್ತಿಲ್ಲ. 'ಶರಪಂಜರ'ದ ಕಲ್ಪನಾ ಎಲ್ಲಿ ಹೋದರು? ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿ ಸುಮ್ಮನೆ ನಕ್ಕರೂ ಮನೆಯವರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣನವರ ಸಿನಿಮಾ. ನಮ್ಮ ಓಣಿಯಲ್ಲಿ ಹೆರಿಗೆಯ ನಂತರ ಮಂಕಾಗಿ, ಆಮೇಲೆ ಸರಿಹೋದ ಒಬ್ಬ ಅಕ್ಕ ಇದ್ದರು. ಅವರು ಜೋರಾಗಿ ಮಾತಾಡಿದರೆ ಸಾಕು, ಹೆಂಗಸರು ಗುಸುಗುಸು ಅನ್ನುತ್ತಿದ್ದರು. ಒಂದು ಭಾನುವಾರ ಟಿವಿಯಲ್ಲಿ ಈ ಸಿನಿಮಾ ಬಂತು. ಓಣಿಯವರೆಲ್ಲ ನಮ್ಮ ಮನೆಯಲ್ಲೇ ಕೂತು ನೋಡಿದರು, ಆ ಅಕ್ಕನೂ. ಮುಗಿದ ಮೇಲೆ ಯಾರೂ ಏಳಲಿಲ್ಲ. ಆಕೆಯೇ ಎದ್ದು, 'ಎಲ್ಲರಿಗೂ ಚಹಾ ಮಾಡಲಾ?' ಅಂತ ಕೇಳಿದರು. ಇದು ಆಟಕ್ಕೆ ಬರುವುದಿಲ್ಲ. ಹೇಳಬೇಕು ಅನ್ನಿಸಿತು.

ಒಗ್ಗರಣೆ:
ಬಂದರೂ ಬರದಿದ್ದರೂ ಬರೆದಿದ್ದು ಒಳ್ಳೆಯದಾಯಿತು.

ಸಕ್ಕರೆ ನಾಡು:
ಆಟಕ್ಕೆ ವಾಪಸ್ ಬ‌ರೋಣ. 'ಅಂತ', 1981. 'ಕುತ್ತೇ, ಕನ್ವರ್‌ಲಾಲ್ ಬೋಲೋ!' ನಮ್ಮ ಮನೆಯಲ್ಲಿ ನಾಯಿಗೆ ಊಟ ಹಾಕುವಾಗ. ನಾಯಿಯ ಹೆಸರೇ ಕನ್ವರ್‌ಲಾಲ್.

ಕುಡ್ಲದ ಮೀನು:
ಕನ್ನಡ ಸಿನಿಮಾದ ಅತಿ ಫೇಮಸ್ ಡೈಲಾಗ್‌ನಲ್ಲಿ ಒಂದೇ ಒಂದು ಕನ್ನಡ ಪದ ಇಲ್ಲ. ಯಾರಿಗೂ ಬೇಜಾರಿಲ್ವಾ?

ಸಕ್ಕರೆ ನಾಡು:
ನಾಯಿಗೆ ಬೇಜಾರಿಲ್ಲ.

ಒಗ್ಗರಣೆ:
ಮಲ್ನಾಡ್, 'ಗಣೇಶನ ಮದುವೆ' ಸೇರಿಸಿಕೊಳ್ಳಿ. ವಠಾರದ ಓನರ್ ರಮಣಮೂರ್ತಿಯನ್ನು ಅನಂತ್‌ನಾಗ್ ಕರೆಯುವ ರಾಗದಲ್ಲಿ ಕರೆದರೆ ಸಾಕು, ಐವತ್ತು ದಾಟಿದವರೆಲ್ಲ ಕೈ ಎತ್ತುತ್ತಾರೆ. 'ಭೂತಯ್ಯನ ಮಗ ಅಯ್ಯು'ಗೆ ಮಾತೇ ಬೇಡ. ಲೋಕನಾಥ್ ಥರ ಉಪ್ಪಿನಕಾಯಿ ತಿಂದು ತೋರಿಸಿ. ಬಾಟಲಿ ಮುಚ್ಚಳ ಮೊದಲೇ ತೆಗೆದಿಟ್ಟಿರಿ.

ಮಲ್ನಾಡ್ ಮಳೆ:
ಕಾರ್ಯಕ್ರಮ ಮುಗಿಯಿತು. ವರದಿ ಕೊಡುತ್ತೇನೆ.

ಬೊಂಬೆ ಮಕ್ಕಳ ಪಾಲಾಯಿತು. 'ಆಡಿಸಿ ನೋಡು' ಅಂದಾಗ ಅಜ್ಜಿ ಸಿನಿಮಾ ಹೇಳುವ ಬದಲು ಹಾಡನ್ನು ಪೂರ್ತಿ ಹಾಡಿದರು. ಯಾರೂ ತಡೆಯಲಿಲ್ಲ. ರಮಣಮೂರ್ತಿಗೆ ಹನ್ನೊಂದು ಕೈ. ಉಪ್ಪಿನಕಾಯಿಯನ್ನು ಚಿಕ್ಕಪ್ಪ ಮಾಡಿದರು, ಸಂಜೆಯವರೆಗೆ ನೀರು ಕುಡಿದರು. 'ತಿಥಿ' ಕೇಳಲಿಲ್ಲ, ಶಾಂತಿಯ ದಿನ ಆ ಹೆಸರು ಬೇಡ ಅಂತ ಅತ್ತೆ ಕಣ್ಣು ಬಿಟ್ಟರು.

ನಿಜವಾದ ಆಟ ಆಗಿದ್ದು ಬೇರೆ. ಅಡುಗೆಯವರಿಗೆ ನಲವತ್ತು ಎಲೆ ಅಂತ ಹೇಳಿ ಅಪ್ಪ ಎಡವಟ್ಟು ಮಾಡಿದ್ದರು. ಬಂದವರು ಅರವತ್ತೆರಡು. ಕೊನೆಯ ಪಂಕ್ತಿಗೆ ಹೋಳಿಗೆ ಸಾಲಲಿಲ್ಲ. ಅಮ್ಮ ಹನ್ನೆರಡೂವರೆಯಿಂದ ಮಾತು ಬಿಟ್ಟಿದ್ದರು. ರೇಷ್ಮೆ ಸೀರೆ, ಹೂವಿನ ಹಾರ, ಬಿಗಿದ ಬಾಯಿ. ನಾನು ಬುಲ್‌ಬುಲ್ ಕೇಳುವ ಸರದಿ ಬಂದಾಗ ಅಪ್ಪ ಮೈಕ್ ಕಿತ್ತುಕೊಂಡರು. ಐವತ್ತು ಜನರ ಎದುರು, ಹಾರ ಹಾಕಿಕೊಂಡು, ಕಂಬಕ್ಕೆ ಒರಗಿ ಅಮ್ಮನ ಕಡೆ ತಿರುಗಿ ಹೇಳಿಯೇಬಿಟ್ಟರು.

ಪೂರ್ತಿ ಹಾಲ್ ನಿಶ್ಶಬ್ದ. ಅಮ್ಮ ನಿಧಾನಕ್ಕೆ ತಲೆ ಎತ್ತಿದರು. ಹೊಟ್ಟೆಯ ಅಡಿಯಿಂದ ಎಬ್ಬಿಸಿ, ಹುಬ್ಬು ಏರಿಸಿ ಅಂದರು.

'ಎಲಾ ಕುನ್ನಿ!'

ಒಗ್ಗರಣೆ:
ಅಯ್ಯೋ ದೇವರೇ. ಪಾಯಿಂಟ್ ಯಾರಿಗೆ ಕೊಟ್ಟಿರಿ?

ಮಲ್ನಾಡ್ ಮಳೆ:
ಕೇಳುವುದೇನು? ಅಮ್ಮನಿಗೆ.

ಕಪಾಲಿ ಬಾಲ್ಕನಿ:
ಕೆಮ್ಮು ಬರಲಿಲ್ವಾ?

ಮಲ್ನಾಡ್ ಮಳೆ:
ಇಲ್ಲ ಸರ್. ಅಪ್ಪನಿಗೆ ಬಂತು.

ಸಕ್ಕರೆ ನಾಡು:
ಅದೆಲ್ಲ ಇರಲಿ. ಅಪ್ಪ ಮೈಕಿನಲ್ಲಿ ಏನಂದರು? ಮಾತಾಡಕಿಲ್ವಾ, ಮಾತಾಡಕ್ಕಿಲ್ವಾ, ಮಾತಾಡಾಕಿಲ್ವಾ?